ಗಗನಚುಂಬಿ ಕಟ್ಟಡದಲ್ಲಿ ಬೇಸಾಯ: ಚಿತ್ರ ಚೆನ್ನಾಗಿದೆ, ಕರೆಂಟ್ ಬಿಲ್ ಲೆಕ್ಕ ಹಾಕಿದ್ದೀರಾ?

ಮೂವತ್ತು ನಲವತ್ತು ಮಹಡಿಯ ಗಾಜಿನ ಕಟ್ಟಡ. ಒಂದೊಂದು ಮಹಡಿಯಲ್ಲೂ ಹಸಿರು ಹೊಲ. ಇಂಥ ಚಿತ್ರ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರುತ್ತೆ. ಕೆಳಗಡೆ 'ಮುಂದಿನ ಬೇಸಾಯ ಹೀಗೇ' ಅಂತ ಒಂದು ಸಾಲು ಬೇರೆ. ಇದನ್ನ ನೋಡಿದ ಹುಡುಗರು ನನ್ನ ಹತ್ರ ಎರಡು ಪ್ರಶ್ನೆ ಕೇಳ್ತಾರೆ. ಪೇಟೆಯವರೇ ಬಿಲ್ಡಿಂಗ್ ಒಳಗೆ ಬೆಳ್ಕೊಂಡ್ರೆ ನಮ್ಮ ಗತಿ ಏನು? ಇಲ್ಲಾಂದ್ರೆ, ಸಾಲ ಮಾಡಿ ನಾವೂ ಒಂದು ಸಣ್ಣ ವರ್ಟಿಕಲ್ ಫಾರ್ಮ್ ಹಾಕಬಹುದಾ?

ಎರಡಕ್ಕೂ ಉತ್ತರ ಒಂದೇ ಲೆಕ್ಕದಲ್ಲಿದೆ. ಆ ಲೆಕ್ಕವನ್ನ ಇವತ್ತು ಒಟ್ಟಿಗೆ ಹಾಕೋಣ. ಆಮೇಲೆ, ಈ ಚಿತ್ರಗಳಲ್ಲಿ ನಮಗೆ ನಿಜವಾಗ್ಲೂ ಉಪಯೋಗಕ್ಕೆ ಬರೋದು ಏನು ಅಂತ ನೋಡೋಣ.

ಈ ಯೋಚನೆ ಹುಟ್ಟಿದ್ದು ಎಲ್ಲಿ?

1999ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಿಕ್ಸನ್ ಡೆಸ್ಪೊಮಿಯರ್ ಅನ್ನೋ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ಮ್ಯಾನ್‌ಹಟನ್‌ನ ಕಟ್ಟಡಗಳ ತಾರಸಿ ಮೇಲೆಲ್ಲ ಬೆಳೆ ಬೆಳೆದರೆ ಎಷ್ಟು ಜನರ ಹೊಟ್ಟೆ ತುಂಬುತ್ತೆ ಅಂತ ಲೆಕ್ಕ ಹಾಕೋದು. ಉತ್ತರ ಬಂದಿದ್ದು ಬರೀ ಶೇ. 2 ಜನಕ್ಕೆ. ತಾರಸಿ ಸಾಲದಿದ್ರೆ ಕಟ್ಟಡದ ಒಳಗಿನ ಮಹಡಿಗಳಲ್ಲೂ ಯಾಕೆ ಬೆಳೀಬಾರದು? ಹೀಗೆ 'ವರ್ಟಿಕಲ್ ಫಾರ್ಮ್' ಅನ್ನೋ ಮಾತು ಜನರ ಬಾಯಿಗೆ ಬಂತು. 2010ರಲ್ಲಿ ಅವರು ಇದರ ಬಗ್ಗೆ ಪುಸ್ತಕವನ್ನೂ ಬರೆದರು.

ಅವರ ಕಾಳಜಿ ಸುಳ್ಳಲ್ಲ. ಪೇಟೆ ಬೆಳೀತಾ ಇದೆ, ಸಾಗುವಳಿ ಜಮೀನು ಲೇಔಟ್ ಆಗ್ತಾ ಇದೆ, ತರಕಾರಿ ನೂರಾರು ಕಿಲೋಮೀಟರ್ ಲಾರಿಯಲ್ಲಿ ಬಂದು ಅರ್ಧ ಬಾಡಿರುತ್ತೆ. ಇದನ್ನೆಲ್ಲ ಒಂದೇ ಕಟ್ಟಡದಲ್ಲಿ ಸರಿ ಮಾಡೋಣ ಅನ್ನೋ ಆಸೆ ಅದು.

ಆಮೇಲೆ ವಾಸ್ತುಶಿಲ್ಪಿಗಳು ಚಿತ್ರ ಬರೆಯೋಕೆ ಶುರು ಮಾಡಿದರು. 2009ರಲ್ಲಿ ಬೆಲ್ಜಿಯಂನ ವಿನ್ಸೆಂಟ್ ಕಾಲೆಬೋ ನ್ಯೂಯಾರ್ಕ್‌ಗಾಗಿ 'ಡ್ರ್ಯಾಗನ್‌ಫ್ಲೈ' ಅನ್ನೋ 132 ಮಹಡಿಯ ಕಟ್ಟಡದ ನಕ್ಷೆ ಕೊಟ್ಟರು. ನೋಡೋಕೆ ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಥರ. ಅದರೊಳಗೆ ಹಣ್ಣು, ತರಕಾರಿ, ಧಾನ್ಯ, ಹೈನು ಎಲ್ಲ ಇತ್ತು. 'ಇವೋಲೋ' ಅನ್ನೋ ಪತ್ರಿಕೆ 2006ರಿಂದ ಗಗನಚುಂಬಿ ಕಟ್ಟಡಗಳ ಕಲ್ಪನೆಗೇ ಒಂದು ಸ್ಪರ್ಧೆ ನಡೆಸ್ತಾ ಬಂದಿದೆ. ಅಲ್ಲಿಗೆ ಬರೋ ನಕ್ಷೆಗಳಲ್ಲಿ ಹೆಚ್ಚಿನವು ಕಟ್ಟೋದಕ್ಕಲ್ಲ, ಯೋಚನೆ ಮಾಡಿಸೋದಕ್ಕೆ. ಆದರೆ ಚಿತ್ರ ವಾಟ್ಸ್‌ಆ್ಯಪ್‌ಗೆ ಬರೋ ಹೊತ್ತಿಗೆ ಆ ಮಾತು ಬಿಟ್ಟುಹೋಗಿರುತ್ತೆ, ಕಟ್ಟಡ ಆಗಲೇ ನಿಂತಿದೆ ಅಂತ ಜನ ನಂಬಿಬಿಡ್ತಾರೆ.

ಒಂದು ಎಕರೆ ಬಿಸಿಲಿನ ಬೆಲೆ

ಮಹಡಿ ಮೇಲೆ ಮಹಡಿ ಕಟ್ಟಬಹುದು. ಬಿಸಿಲಿನ ಮೇಲೆ ಬಿಸಿಲು ಪೇರಿಸೋಕಾಗಲ್ಲ. ಮೇಲಿನ ಮಹಡಿ ಕೆಳಗಿನದಕ್ಕೆ ನೆರಳು. ಹಾಗಾಗಿ ಒಳಗಿನ ಗಿಡಕ್ಕೆ ಎಲ್‌ಇಡಿ ದೀಪವೇ ಗತಿ. ಫೋನ್‌ನ ಕ್ಯಾಲ್ಕುಲೇಟರ್ ತೆಗೀರಿ.

ನಮ್ಮ ಬಯಲುಸೀಮೆಯಲ್ಲಿ ಒಂದು ಚದರ ಮೀಟರ್ ನೆಲಕ್ಕೆ ದಿನಕ್ಕೆ ಸರಾಸರಿ 5 ಯೂನಿಟ್‌ನಷ್ಟು ಬಿಸಿಲು ಬೀಳುತ್ತೆ. ಒಂದು ಎಕರೆ ಅಂದ್ರೆ ಸುಮಾರು 4,000 ಚದರ ಮೀಟರ್. ಅಲ್ಲಿಗೆ 20,000 ಯೂನಿಟ್. ಇದರಲ್ಲಿ ಗಿಡಕ್ಕೆ ಆಹಾರ ತಯಾರಿಸೋಕೆ ಉಪಯೋಗ ಆಗೋ ಬೆಳಕು ಹೆಚ್ಚುಕಮ್ಮಿ ಅರ್ಧ, 10,000 ಯೂನಿಟ್ ಅಂತಿಟ್ಕೊಳ್ಳಿ. ಎಲ್‌ಇಡಿ ತಾನು ಕುಡಿದ ಕರೆಂಟನ್ನೆಲ್ಲ ಬೆಳಕು ಮಾಡಲ್ಲ, ಒಂದಷ್ಟು ಬಿಸಿಯಾಗಿ ಹೋಗುತ್ತೆ. ಒಳ್ಳೆಯ ದೀಪ ಮೂರರಲ್ಲಿ ಎರಡು ಪಾಲು ಬೆಳಕು ಕೊಡುತ್ತೆ ಅಂದ್ರೂ, ಒಂದು ಎಕರೆಗೆ ಬಿಸಿಲಿನಷ್ಟೇ ಬೆಳಕು ಕೊಡೋಕೆ ದಿನಕ್ಕೆ 15,000 ಯೂನಿಟ್ ಕರೆಂಟ್ ಬೇಕು.

ಯೂನಿಟ್‌ಗೆ 7 ರೂಪಾಯಿ ಹಾಕಿ. ದಿನಕ್ಕೆ 1,05,000 ರೂಪಾಯಿ. ಒಂದು ಎಕರೆಗೆ, ಒಂದೇ ದಿನಕ್ಕೆ, ಬರೀ ದೀಪಕ್ಕೆ. ಏಸಿ, ನೀರಿನ ಪಂಪು, ಕಟ್ಟಡದ ಬಡ್ಡಿ ಇನ್ನೂ ಸೇರಿಸಿಲ್ಲ.

ಇದನ್ನ ರಾಗಿಗೆ ಹಾಕಿ ನೋಡಿ. 110 ದಿನದ ಬೆಳೆ, ಎಕರೆಗೆ 15 ಕ್ವಿಂಟಲ್ ಇಳುವರಿ. ಕೆಜಿ ರಾಗಿಗೆ ದೀಪದ ಖರ್ಚೇ 7,700 ರೂಪಾಯಿ. ಕಟ್ಟಡದೊಳಗೆ ಮಳೆ ಕೈಕೊಡಲ್ಲ, ಹುಳ ಬರಲ್ಲ, ಇಳುವರಿ ಮೂರು ಪಟ್ಟು ಬಂತು ಅಂತಾನೇ ಒಪ್ಪಿಕೊಳ್ಳೋಣ. ಆಗಲೂ ಕೆಜಿಗೆ 2,500 ರೂಪಾಯಿ ದಾಟುತ್ತೆ.

'ಸೋಲಾರ್ ಹಾಕಿದ್ರೆ ಆಯ್ತಲ್ಲ' ಅಂತ ಕೇಳ್ತೀರಿ. ಪ್ಯಾನಲ್ ತನ್ನ ಮೇಲೆ ಬಿದ್ದ ಬಿಸಿಲಲ್ಲಿ ಐದನೇ ಒಂದು ಪಾಲು ಮಾತ್ರ ಕರೆಂಟ್ ಮಾಡುತ್ತೆ. ಅಂದ್ರೆ ಚದರ ಮೀಟರ್‌ಗೆ ದಿನಕ್ಕೆ 1 ಯೂನಿಟ್. 15,000 ಯೂನಿಟ್‌ಗೆ 15,000 ಚದರ ಮೀಟರ್, ಅಂದ್ರೆ ಹತ್ತಿರ ಹತ್ತಿರ ಮೂರೂಮುಕ್ಕಾಲು ಎಕರೆ ಪ್ಯಾನಲ್. ಎಕರೆ ಎಕರೆ ಅಗಲದ 30 ಮಹಡಿಗೆ ಸುಮಾರು 110 ಎಕರೆ. ಜಮೀನು ಉಳಿಸೋಕೆ ಕಟ್ಟಿದ ಗೋಪುರ 30 ಎಕರೆ ಬೆಳೆಗಾಗಿ 110 ಎಕರೆಯನ್ನ ನುಂಗಿತು.

ಹಾಗಾಗಿ ಮೊದಲ ಪ್ರಶ್ನೆಗೆ ಉತ್ತರ: ರಾಗಿ, ಭತ್ತ, ಜೋಳ, ತೊಗರಿ, ಕಡಲೆ ಬೆಳೆಯೋರು ಗೋಪುರಕ್ಕೆ ಹೆದರಬೇಕಾಗಿಲ್ಲ. ಆಕಾಶ ನಿಮಗೆ ದಿನಾ ಬಿಟ್ಟಿ ಕೊಡ್ತಿರೋದನ್ನ ಅವರು ದುಡ್ಡು ಕೊಟ್ಟು ಕೊಳ್ಳಬೇಕು.

ಹಾಗಾದ್ರೆ ಸೊಪ್ಪು ಯಾಕೆ ಬೆಳೀತಾರೆ?

ಲೆಟಿಸ್, ಪಾಲಕ್‌ನಂಥ ಸೊಪ್ಪಿನ ಕಥೆ ಸ್ವಲ್ಪ ಬೇರೆ. ಅವಕ್ಕೆ ಪೂರ್ತಿ ಬಿಸಿಲು ಬೇಡ, ಮೂರನೇ ಒಂದು ಪಾಲು ಬೆಳಕು ಸಾಕು. ಒಂದು ತಿಂಗಳು ಚಿಲ್ಲರೆಯಲ್ಲಿ ಕೊಯ್ಲಿಗೆ ಬರುತ್ತೆ. ಕಾಳಿಗಾಗಿ ಕಾಯಬೇಕಾಗಿಲ್ಲ, ಎಲೆಯೇ ಬೆಳೆ, ಅದರಲ್ಲೂ ತೂಕದ ಬಹುಪಾಲು ನೀರು. ನೀರು ಸುತ್ತು ಹಾಕಿ ಮತ್ತೆ ಅದೇ ಗಿಡಕ್ಕೆ ಬರೋದ್ರಿಂದ ಬಯಲಿಗಿಂತ ಶೇ. 90ರವರೆಗೂ ನೀರು ಉಳಿಯುತ್ತೆ. ಇದು ನಿಜವಾದ ಲಾಭ, ಅಲ್ಲಗಳೆಯೋಕಾಗಲ್ಲ.

ಆದರೂ ದೊಡ್ಡ ದೊಡ್ಡವರೇ ಎಡವಿದ್ದಾರೆ. ಅಮೆರಿಕದಲ್ಲಿ ಪೂರ್ತಿ ದೀಪದ ಬೆಳಕಲ್ಲಿ ಸೊಪ್ಪು ಬೆಳೀತಿದ್ದ ಏರೋಫಾರ್ಮ್ಸ್ 2023ರ ಜೂನ್‌ನಲ್ಲಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯ್ತು. ಬವರಿ ಫಾರ್ಮಿಂಗ್ 2024ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಇವರ ಹತ್ರ ಬಂಡವಾಳವೂ ಇತ್ತು, ತಂತ್ರಜ್ಞಾನವೂ ಇತ್ತು. ಆದ್ರೆ ಒಂದು ಕಟ್ಟು ಸೊಪ್ಪು ಅದರ ಮೇಲೆ ಬಿದ್ದ ಕರೆಂಟು, ಕೂಲಿ, ಬಡ್ಡಿ ಎಲ್ಲವನ್ನೂ ಹೊರೋದು ಸುಲಭ ಅಲ್ಲ.

ಬಿಸಿಲನ್ನ ಬಿಡದೇ ಎತ್ತರಕ್ಕೆ ಹೋದವರೂ ಇದ್ದಾರೆ. ಸಿಂಗಾಪುರದಲ್ಲಿ 2012ರಲ್ಲಿ ಶುರುವಾದ ಸ್ಕೈ ಗ್ರೀನ್ಸ್ 9 ಮೀಟರ್ ಎತ್ತರದ ಏಣಿಯಂಥ ಚೌಕಟ್ಟು ನಿಲ್ಲಿಸಿ, ತಟ್ಟೆಗಳನ್ನ ಜಾತ್ರೆಯ ತೊಟ್ಟಿಲ ಥರ ನಿಧಾನಕ್ಕೆ ಸುತ್ತಿಸ್ತಿತ್ತು. ಪ್ರತಿ ತಟ್ಟೆಗೂ ಸರದಿಯಲ್ಲಿ ಬಿಸಿಲು. ನೀರಿನ ಭಾರದಿಂದಲೇ ಸುತ್ತೋದ್ರಿಂದ ಒಂದು ಚೌಕಟ್ಟಿಗೆ ಒಂದು ಬಲ್ಬ್ ಉರಿಸುವಷ್ಟು ಕರೆಂಟ್ ಸಾಕಾಗ್ತಿತ್ತು. ಅಲ್ಲೂ ಬೆಳೆದಿದ್ದು ಸೊಪ್ಪೇ, ಕಾಳಲ್ಲ.

ಚಿತ್ರದಿಂದ ನೆಲಕ್ಕೆ ಇಳಿದಿದ್ದು

ಹಾಗಂತ ಈ ನಕ್ಷೆಗಳೆಲ್ಲ ಕೆಲಸಕ್ಕೆ ಬಾರದವು ಅಂತ ನಾನು ಹೇಳಲ್ಲ. ಬೆಳೆ ಬೆಳೆಯೋ ಗೋಪುರ ಬಿಟ್ಟು ಬೇರೆ ಗೋಪುರಗಳನ್ನ ನೋಡಿ.

2012ರಲ್ಲಿ ಇವೋಲೋ ಸ್ಪರ್ಧೆ ಗೆದ್ದದ್ದು 'ಹಿಮಾಲಯ ವಾಟರ್ ಟವರ್', ಚೀನಾದ ವಿನ್ಯಾಸಕಾರರ ನಕ್ಷೆ. ಹಿಮನದಿಗಳು ಕರಗ್ತಾ ಇವೆ. ಹಾಗಾಗಿ ಮಳೆಗಾಲದ ನೀರನ್ನ ಗೋಪುರದಲ್ಲಿ ಹಿಡಿದು, ಹೆಪ್ಪುಗಟ್ಟಿಸಿ, ಒಣಗಾಲದಲ್ಲಿ ಕೆಳಗಿನ ಊರುಗಳಿಗೆ ಬಿಡೋದು ಅದರ ಉದ್ದೇಶ. ಆ ಗೋಪುರ ಕಾಗದದಲ್ಲೇ ಉಳೀತು. ಆದರೆ ಲಡಾಖ್‌ನಲ್ಲಿ ಸೋನಮ್ ವಾಂಗ್ಚುಕ್ ಮತ್ತು ಅವರ ವಿದ್ಯಾರ್ಥಿಗಳು 2013–14ರ ಚಳಿಗಾಲದಿಂದ ಅದೇ ಕೆಲಸವನ್ನ ಒಂದು ಪೈಪಿನಲ್ಲಿ ಮಾಡಿ ತೋರಿಸಿದರು. ಮೇಲಿನ ಹಳ್ಳದ ನೀರು ಪೈಪಲ್ಲಿ ಇಳಿದು, ತನ್ನ ಒತ್ತಡಕ್ಕೇ ಕಾರಂಜಿಯಾಗಿ ಚಿಮ್ಮಿ, ಚಳಿಗೆ ಮಂಜುಗಡ್ಡೆಯಾಗಿ ಗೋಪುರದಂತೆ ಬೆಳೆಯುತ್ತೆ. ಪಂಪು ಬೇಡ, ಕರೆಂಟು ಬೇಡ. ಶಂಕುವಿನ ಆಕಾರ ಇರೋದ್ರಿಂದ ಬಿಸಿಲು ತಾಗೋ ಜಾಗ ಕಮ್ಮಿ, ಹಾಗಾಗಿ ನಿಧಾನಕ್ಕೆ ಕರಗುತ್ತೆ. ಬಿತ್ತನೆಗೆ ನೀರಿಲ್ಲದ ಏಪ್ರಿಲ್–ಮೇನಲ್ಲಿ ಹೊಲಕ್ಕೆ ಹರಿಯುತ್ತೆ. ಅದೇ ಐಸ್ ಸ್ತೂಪ.

ನಮ್ಮಲ್ಲಿ ಮಂಜು ಬೀಳಲ್ಲ, ಆದ್ರೆ ಪಾಠ ಅದೇ: ನೀರು ಇದ್ದಾಗ ಹಿಡೀರಿ, ಇಲ್ಲದಾಗ ಬಿಡಿ. ನಮ್ಮ ಐಸ್ ಸ್ತೂಪ ಅಂದ್ರೆ ಕೃಷಿ ಹೊಂಡ. ದೀಪದ ಲೆಕ್ಕದ ಒಂದೆರಡು ದಿನದ ಖರ್ಚು ಹೊಂಡಕ್ಕೆ ಹಾಕಿದ್ರೆ ವರ್ಷಗಟ್ಟಲೆ ಬಾಳಿಕೆ.

ನಗರದ ಬಳಸಿದ ನೀರು, ಕಸ ಮತ್ತೆ ಬೆಳೆಗೆ ಬರಬೇಕು ಅನ್ನೋದು ಡೆಸ್ಪೊಮಿಯರ್ ಕನಸಿನ ಇನ್ನೊಂದು ಭಾಗ. ಅದಕ್ಕೂ ಗೋಪುರ ಬೇಕಾಗಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣವಾಗಿ ಕೋಲಾರದ ಕೆರೆಗಳಿಗೆ ಹರೀತಿದೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಅಂತ ಅಲ್ಲಿನ ರೈತರು ಕೇಳ್ತಿದ್ದಾರೆ. ಅದು ನ್ಯಾಯವಾದ ಬೇಡಿಕೆ. ನಕ್ಷೆಯಲ್ಲಿ ಒಂದು ಬಾಣದ ಗುರುತು ಹಾಕಿದ್ರೆ ನೀರು ಶುದ್ಧ ಆಗಿಬಿಡುತ್ತೆ, ನೆಲದಲ್ಲಿ ಅದಕ್ಕೆ ಯಂತ್ರ, ಪರೀಕ್ಷೆ, ಕಾವಲು ಬೇಕು.

ನನಗೆ ಇಷ್ಟವಾದ ಗೋಪುರ

2017ರಲ್ಲಿ ಅದೇ ಸ್ಪರ್ಧೆ ಗೆದ್ದದ್ದು 'ಮಶಾಂಬಾಸ್', ಪೋಲೆಂಡ್‌ನ ಇಬ್ಬರು ವಿನ್ಯಾಸಕಾರರದ್ದು. ಸ್ವಾಹಿಲಿ ಭಾಷೆಯಲ್ಲಿ ಮಶಾಂಬಾ ಅಂದ್ರೆ ಸಾಗುವಳಿ ನೆಲ. ಆಫ್ರಿಕಾದ ಸಣ್ಣ ರೈತರಿಗಾಗಿ ಮಾಡಿದ ಈ ಗೋಪುರದ ಮುಖ್ಯ ಕೆಲಸ ಬೆಳೆ ಬೆಳೆಯೋದಲ್ಲ. ಕೆಳಗೆ ಸಂತೆ, ಮೇಲೆ ತರಬೇತಿ, ಬೀಜ, ಕಮ್ಮಿ ಬೆಲೆಗೆ ಗೊಬ್ಬರ, ಜೊತೆಗೆ ವೈದ್ಯರ ಕೋಣೆ. ಸುತ್ತಲಿನ ರೈತರು ತಮ್ಮ ಕಾಲ ಮೇಲೆ ನಿಂತ ಮೇಲೆ ಕಟ್ಟಡವನ್ನ ಬಿಚ್ಚಿ ಮುಂದಿನ ಊರಿಗೆ ಒಯ್ಯೋದು.

ರೈತನಿಗೆ ಕೊರತೆ ಇರೋದು ಮಹಡಿಯದ್ದಲ್ಲ, ಹತ್ತಿರದ ಮಾರುಕಟ್ಟೆ, ಸಮಯಕ್ಕೆ ಸಲಹೆ, ನಂಬಬಹುದಾದ ಬೀಜ ಅಂತ ಇವರು ಸರಿಯಾಗಿ ಹಿಡಿದಿದ್ದಾರೆ. ಆ ಗೋಪುರದ ಕೆಲಸಗಳಲ್ಲಿ ಹಲವು ನಮ್ಮಲ್ಲಿ ತುಂಡು ತುಂಡಾಗಿ ಇವೆ: ಹೋಬಳಿಯ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ರೈತ ಉತ್ಪಾದಕ ಸಂಸ್ಥೆ. ಬಾಗಿಲು ತಟ್ಟಿ, ಕೇಳಿ, ಕೆಲಸ ಮಾಡದಿದ್ರೆ ಗಲಾಟೆ ಮಾಡಿ.

ಯಾರಾದ್ರೂ ಸ್ಕೀಮ್ ತಂದ್ರೆ

'ಒಂದು ಶೆಡ್ ಸಾಕು, ಹತ್ತು ಎಕರೆ ಬೆಳೆ' ಅಂತ ಯಾರಾದ್ರೂ ಬಂದ್ರೆ ಸಹಿ ಹಾಕೋ ಮುಂಚೆ ಇಷ್ಟು ಕೇಳಿ:

1. ಒಂದು ಕೆಜಿ ಬೆಳೆಗೆ ಎಷ್ಟು ಯೂನಿಟ್ ಕರೆಂಟ್? ನಡೀತಿರೋ ಘಟಕದ ಮೂರು ತಿಂಗಳ ಬಿಲ್ ಮತ್ತು ಇಳುವರಿ ಎರಡನ್ನೂ ತೋರಿಸಿ ಅನ್ನಿ.
2. ಈ ಸಂಪರ್ಕಕ್ಕೆ ಯಾವ ದರ? ನೀರಾವರಿ ಪಂಪ್‌ಸೆಟ್‌ನ ಉಚಿತ ಕರೆಂಟ್ ದೀಪಕ್ಕೆ ಸಿಗಲ್ಲ, ಎಸ್ಕಾಂ ಕಚೇರಿಯಲ್ಲೇ ವಿಚಾರಿಸಿ.
3. ಕರೆಂಟ್ ಹೋದ್ರೆ ಪಂಪ್ ನಿಲ್ಲುತ್ತೆ, ಮಣ್ಣಿಲ್ಲದ ಬೇರು ಕೆಲವೇ ಗಂಟೆಗಳಲ್ಲಿ ಬಾಡುತ್ತೆ. ಜನರೇಟರ್, ಡೀಸೆಲ್ ಯಾರ ಲೆಕ್ಕ?
4. ಮಾಲು ಕೊಳ್ಳೋದು ಯಾರು, ಯಾವ ಬೆಲೆಗೆ, ಎಷ್ಟು ವರ್ಷ? ಬಾಯಿಮಾತು ಬೇಡ, ಬರಹದಲ್ಲಿ ಬೇಕು.
5. ಇದೇ ಬೆಳೆ ನೆರಳುಪರದೆ ಅಥವಾ ಪಾಲಿಹೌಸ್‌ನಲ್ಲಿ, ಹನಿ ನೀರಾವರಿ ಜೊತೆ, ಬಿಸಿಲಲ್ಲೇ ಬರಲ್ವಾ? ಬರುತ್ತೆ ಅಂದ್ರೆ ದೀಪ ಯಾಕೆ?

ನಗರದ ಪಕ್ಕ ಇದ್ದು, ಹೋಟೆಲ್‌ಗಳ ಖಾಯಂ ಆರ್ಡರ್ ಕೈಯಲ್ಲಿದ್ರೆ, ಬಿಸಿಲಲ್ಲಿ ನಡೆಯೋ ಸಣ್ಣ ಹೈಡ್ರೋಪೋನಿಕ್ಸ್ ಮಾಡಿ ನೋಡಬಹುದು. ಹತ್ತು ಗುಂಟೆ ಅಲ್ಲ, ಒಂದು ಗುಂಟೆಯಿಂದ ಶುರು ಮಾಡಿ. ಪೂರ್ತಿ ದೀಪದ ಘಟಕಕ್ಕೆ ಜಮೀನು ಅಡ ಇಟ್ಟು ಸಾಲ ತೆಗೆಯೋದು ಮಾತ್ರ ಬೇಡ ಅಂತ ನಾನು ನೇರವಾಗಿ ಹೇಳ್ತೀನಿ. ಮೇಲಿನ ಲೆಕ್ಕಕ್ಕೆ ನಿಮ್ಮ ಊರಿನ ಯೂನಿಟ್ ದರ, ನಿಮ್ಮ ಬೆಳೆಯ ದಿನಗಳು ಮತ್ತು ಇಳುವರಿ ಹಾಕಿ ಇವತ್ತೇ ಒಮ್ಮೆ ನೋಡಿ. ಐದು ನಿಮಿಷದ ಕೆಲಸ. ಗುಂಪಿಗೆ ಆ ಚಿತ್ರ ಮತ್ತೆ ಬಂದಾಗ ನಿಮ್ಮ ಲೆಕ್ಕವನ್ನೂ ಅದರ ಕೆಳಗೆ ಹಾಕಿ.