ಇರುವೆಯ ಜಾಡೂ ವರ್ಣದ ಮಾನವೂ

ಆಹಾರವನ್ನು ಕಂಡ ಇರುವೆಯು ಗೂಡಿಗೆ ಹಿಂದಿರುಗುವಾಗ ನೆಲದ ಮೇಲೆ ಗಂಧದ್ರವ್ಯವೊಂದನ್ನು ಬಿಡುತ್ತ ಬರುವುದೆಂಬುದೂ, ಉಳಿದವು ಆ ಜಾಡನ್ನು ಹಿಡಿದು ಸಾಲುಗಟ್ಟುವುವೆಂಬುದೂ ಸರ್ವವಿದಿತ. ಈ ವ್ಯಾಪಾರವನ್ನು ಗಣಕಯಂತ್ರದಲ್ಲಿ ಅನುಕರಿಸಿ ತೋರುವ ತಂತ್ರಾಂಶಗಳಲ್ಲಿ, ಅಮೆರಿಕದಲ್ಲಿ ಯೂರಿ ವಿಲೆನ್ಸ್ಕಿಯವರು 1999ರಲ್ಲಿ ರೂಪಿಸಿದ ನೆಟ್‌ಲೋಗೊ ಪ್ರಸಿದ್ಧವಾದುದು. ಅದರ ಇರುವೆಗಳ ಮಾದರಿಯಲ್ಲಿ ನೆಲವು ಸಣ್ಣ ಚೌಕಗಳಾಗಿ ವಿಭಕ್ತವಾಗಿದ್ದು, ಪ್ರತಿಯೊಂದು ಚೌಕವೂ ತನ್ನಲ್ಲಿರುವ ಗಂಧದ ಪ್ರಮಾಣವನ್ನು ಒಂದು ಸಂಖ್ಯೆಯಾಗಿ ಧರಿಸಿರುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ಆ ಸಹಸ್ರಾರು ಸಂಖ್ಯೆಗಳನ್ನು ಓದಿ ಹಾದಿಯನ್ನು ಗುರುತಿಸುವುದು ಮನುಷ್ಯನಿಗೆ ಅಸಾಧ್ಯವಾದುದರಿಂದ, ಅವನ್ನು ವರ್ಣಗಳಾಗಿ ಮಾರ್ಪಡಿಸಬೇಕಾಗುವುದು.

ನೆಟ್‌ಲೋಗೊದಲ್ಲಿ ವರ್ಣವೂ ಸಂಖ್ಯೆಯೇ. ಸೊನ್ನೆಯಿಂದ 140ರ ವರೆಗಿನ ಮಾನದಲ್ಲಿ ಒಂದೊಂದು ಬಣ್ಣಕ್ಕೂ ಹತ್ತು ಅಂಕಗಳ ಹರವುಂಟು. ಹಸುರಿನ ಪಾಲಿಗೆ ಬಂದಿರುವುದು 50ರಿಂದ 60ರ ನಡುವಣ ಭಾಗ: 50 ಎಂದರೆ ಕಪ್ಪು, 55 ಎಂದರೆ ಅಪ್ಪಟ ಹಸುರು, 59.9 ಎಂದರೆ ಬಹುಮಟ್ಟಿಗೆ ಬಿಳುಪು. ಇರುವೆಗಳ ಮಾದರಿಯಲ್ಲಿ 0.1 ಎಂಬ ಗಂಧಪ್ರಮಾಣವನ್ನು ಈ ಹರವಿನ ಕೆಳತುದಿಗೂ, 5 ಎಂಬುದನ್ನು ಮೇಲ್ತುದಿಗೂ ಹೊಂದಿಸಿರುವುದರಿಂದ, ಅವೆರಡರ ನಟ್ಟನಡುವೆ ಇರುವ 2.55ಕ್ಕೆ ಅಪ್ಪಟ ಹಸುರು ದೊರೆಯುತ್ತದೆ, 0.1ಕ್ಕಿಂತ ಕಡಿಮೆಯಾದುದೆಲ್ಲವೂ ಕಪ್ಪು, 5ನ್ನು ಮೀರಿದುದೆಲ್ಲವೂ ಬಿಳುಪು. ಆಹಾರ ಹೊತ್ತ ಇರುವೆಯು ಒಮ್ಮೆಗೆ 60ರಷ್ಟು ಗಂಧವನ್ನು ಬಿಡುವುದರಿಂದ ಹೊಸ ಜಾಡು ಬೆಳ್ಳಗೆ ಬೆಳಗಿ, ಗಂಧವು ಸುತ್ತಣ ಚೌಕಗಳಿಗೆ ಹರಡುತ್ತ, ಆವಿಯಾಗುತ್ತ ಹೋದಂತೆ ಹಸುರಾಗಿ, ಕಡೆಗೆ ಕಪ್ಪಿನಲ್ಲಿ ಲೀನವಾಗುತ್ತದೆ.

ಇಲ್ಲಿ ವಿಚಾರಮಾಡತಕ್ಕ ಸಂಗತಿಯೊಂದಿದೆ. ಆಹಾರವನ್ನು ಅರಸುವ ಇರುವೆಗೆ ವಿಧಿಸಿರುವ ನಿಯಮವು, ಗಂಧವು 0.05ರಿಂದ ಮೊದಲ್ಗೊಂಡು 2ಕ್ಕಿಂತ ಕಡಿಮೆಯಿರುವಲ್ಲಿ ಅದು ಹೆಚ್ಚಿರುವ ಕಡೆಗೆ ತಿರುಗಬೇಕೆಂಬುದು. ಎಂದಮೇಲೆ, 0.05ಕ್ಕೂ 0.1ಕ್ಕೂ ನಡುವಣ ನೆಲವು ಇರುವೆಗೆ ದಾರಿಯನ್ನು ತೋರುತ್ತಿದ್ದರೂ ನಮ್ಮ ಕಣ್ಣಿಗೆ ಬರಿಯ ಕಪ್ಪಾಗಿಯೇ ಇರುವುದು. ಅಲ್ಲಿ ತಿರುಗಿದ ಇರುವೆಯನ್ನು ಕಂಡವನು, ಅದು ಅಕಾರಣವಾಗಿ ತಿರುಗಿತೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ವರ್ಣದ ಎಲ್ಲೆಗಳನ್ನು 0.05ಕ್ಕೂ 0.5ಕ್ಕೂ ಇಳಿಸಿದೆವಾದರೆ ಆ ಅಂಚು ಮಂದವಾದ ಹಸುರಿನಲ್ಲಿ ಮೂಡುವುದು ನಿಜ. ಆದರೆ ಆಗ ಜಾಡಿನ ಒಳಗಣ ತಾರತಮ್ಯವೆಲ್ಲವೂ ಒಂದೇ ಬಿಳುಪಿನಲ್ಲಿ ಮುಚ್ಚಿಹೋಗುತ್ತದೆ. ಎರಡು ಪಕ್ಷದಲ್ಲಿಯೂ ಇರುವೆಗಳ ನಡೆ ಎಳ್ಳಷ್ಟೂ ಬದಲಾಗದು. ಬದಲಾಗುವುದು ನಮ್ಮ ನೋಟ ಮಾತ್ರ.

ಆದ್ದರಿಂದ ಎಲ್ಲೆಗಳ ಆಯ್ಕೆಯು ಅಲಂಕಾರದ ವಿಷಯವಲ್ಲ. ಯಾವುದನ್ನು ಕಾಣಬೇಕು, ಯಾವುದನ್ನು ಕಾಣದೆ ಬಿಡಬಹುದು ಎಂಬ ವಿವೇಚನೆಯೇ ಅದು. ಇಂತಹ ಚಿತ್ರವನ್ನು ಲೋಕದ ಮುಂದಿಡುವವರು ಆ ಎರಡು ಸಂಖ್ಯೆಗಳನ್ನು ಚಿತ್ರದ ಕೆಳಗೆ ಬರೆದಿಡುವುದೂ, ನೋಡುವವರು ಮೊದಲು ಅವನ್ನೇ ಓದಿಕೊಳ್ಳುವುದೂ ಉಚಿತ.