ಗೋಡೆಗಳು ದಾರಿ ಹೇಳುವ ಊರು

ಅಪರಿಚಿತವಾದ ಊರಿನಲ್ಲಿ ದಾರಿ ತಪ್ಪಿದವರು ಮೂಲೆಯಂಗಡಿಯ ಮುಂದೆ ನಿಂತು ವಿಚಾರಿಸುವುದು ಎಲ್ಲೆಡೆಯ ರೂಢಿ. ಮಲೇಷ್ಯದ ಪೆನಾಂಗ್ ದ್ವೀಪದಲ್ಲಿರುವ ಜಾರ್ಜ್‌ಟೌನಿನ ಹಳೆಯ ಪೇಟೆಯಲ್ಲಿ ತಲೆಯೆತ್ತಿ ಗೋಡೆಯನ್ನು ನೋಡಿದರೂ ಆದೀತು. ಕಪ್ಪು ಕಬ್ಬಿಣದ ಸರಳನ್ನು ಬಾಗಿಸಿ ರಚಿಸಿದ ವ್ಯಂಗ್ಯಚಿತ್ರವೊಂದು ಅಲ್ಲಿ ನಗುತ್ತ ನಿಂತಿರುತ್ತದೆ. ಈ ಬೀದಿಗೆ ಈ ಹೆಸರು ಬಂದುದೇಕೆ, ಇಲ್ಲಿ ಬಾಳಿದವರಾರು, ಯಾವ ಕಸುಬಿನಿಂದ ಹೊಟ್ಟೆ ಹೊರೆದರು ಎಂಬುದನ್ನೆಲ್ಲ ಅದು ನಾಲ್ಕೇ ಗೆರೆಗಳಲ್ಲಿ ತಿಳಿಸಿಬಿಡುತ್ತದೆ.

ಈ ಊರಿನ ಕಥೆ ಆರಂಭವಾದುದು 1786ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಎಂಬಾತ ಇಲ್ಲಿ ಬಂದಿಳಿದು ರೇವುಪಟ್ಟಣವನ್ನು ಸ್ಥಾಪಿಸಿದ. ವ್ಯಾಪಾರವಿದ್ದಲ್ಲಿ ಜನಕ್ಕೆ ಬರವೇ? ಚೀನೀಯರು, ಮಲಯರು, ಆರ್ಮೇನಿಯದ ವರ್ತಕರು, ಚೋಳಮಂಡಲ ತೀರದಿಂದ ಹಡಗು ಹತ್ತಿದ ತಮಿಳು ಮುಸಲ್ಮಾನರು, ಹೀಗೆ ಎಲ್ಲರೂ ಬಂದು ನೆಲೆಸಿದರು. ಪಿಟ್ ಬೀದಿಯ ಗುಂಟ ನಡೆದರೆ 1818ರ ಸೇಂಟ್ ಜಾರ್ಜ್ ಇಗರ್ಜಿ, ಚೀನೀಯರ ಕರುಣಾದೇವಿಯ ಗುಡಿ, 1801ರಲ್ಲಿ ಮೊದಲಾದ ಕಪಿತಾನ್ ಕೆಲಿಂಗ್ ಮಸೀದಿ ಒಂದಾದ ಮೇಲೊಂದು ಎದುರಾಗುತ್ತವೆ. ಪಕ್ಕದ ಕ್ವೀನ್ ಬೀದಿಗೆ ಮುಖಮಾಡಿ 1833ರ ಮಾರಿಯಮ್ಮನ ದೇವಸ್ಥಾನವಿದೆ. ‘ಕೆಲಿಂಗ್’ ಎಂಬುದರ ಮೂಲ ನಮ್ಮ ಕಳಿಂಗವೆಂದು ತಿಳಿದಾಗ ದೂರದ ಊರು ತುಸು ಹತ್ತಿರ ಬಂದಂತೆ ತೋರುತ್ತದೆ.

ಕೆಳಗೆ ಅಂಗಡಿ, ಮೇಲೆ ವಾಸ. ಬೀದಿಯ ಕಡೆಗೆ ಐದಡಿ ಅಗಲದ ಮುಚ್ಚಿದ ಹಜಾರ. ಜಾರ್ಜ್‌ಟೌನಿನ ಮನೆಗಳ ಮಾದರಿ ಇದು. ಮಳೆ ಬಂದರೂ ಬಿಸಿಲು ಸುಟ್ಟರೂ ಈ ಹಜಾರಗಳ ನೆರಳಲ್ಲೇ ನಡೆದುಹೋಗಬಹುದು. 1948ಕ್ಕೆ ಮುಂಚೆ ಕಟ್ಟಿದ ಮನೆಗಳ ಬಾಡಿಗೆಯನ್ನು ಸರ್ಕಾರ ಕಾಯಿದೆಯಿಂದ ಕಟ್ಟಿಹಾಕಿತ್ತು. ಆದ್ದರಿಂದ ಬಡ ಕಸುಬುದಾರರೂ ಊರ ನಡುವೆಯೇ ಬದುಕುವಂತಾಗಿತ್ತು. ಆದರೆ ಬಾರದ ಬಾಡಿಗೆಗಾಗಿ ಮನೆ ರಿಪೇರಿ ಮಾಡಿಸುವ ಯಜಮಾನರು ಎಷ್ಟು ಮಂದಿ ಇದ್ದಾರು? ಹೆಂಚು ಜಾರಿತು, ಗಾರೆ ಉದುರಿತು. 2000ದ ಆರಂಭದಲ್ಲಿ ಆ ಕಾಯಿದೆ ತೆರವಾದೊಡನೆ ಬಾಡಿಗೆ ಏರಿತು. ತಲೆಮಾರುಗಳಿಂದ ಇದ್ದ ಸಂಸಾರಗಳು ಗಂಟುಮೂಟೆ ಕಟ್ಟಿದವು. ಮನೆಗಳಿದ್ದವು, ದೀಪ ಹಚ್ಚುವವರಿರಲಿಲ್ಲ.

2008ರಲ್ಲಿ ಯುನೆಸ್ಕೊ ಸಂಸ್ಥೆಯು ಜಾರ್ಜ್‌ಟೌನನ್ನು ಮಲಕ್ಕಾ ನಗರದೊಂದಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವವೇನೋ ದೊರೆಯಿತು, ಬರುವ ಪ್ರವಾಸಿಗನಿಗೆ ಈ ಸಂದಿಗೊಂದಿಗಳನ್ನು ತೋರಿಸುವುದು ಹೇಗೆ? ಹಿತ್ತಾಳೆಯ ಫಲಕಗಳನ್ನು ಜಡಿದು ಇಸವಿಗಳನ್ನು ಕೆತ್ತಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ, ಯಾರೂ ಓದುತ್ತಲೂ ಇರಲಿಲ್ಲ. ಪೆನಾಂಗ್ ಸರ್ಕಾರ 2009ರಲ್ಲಿ ಸ್ಪರ್ಧೆಯೊಂದನ್ನೇರ್ಪಡಿಸಿತು. ಗೆದ್ದವರ ಯೋಚನೆ ಸರಳವಾದುದು: ಅಧಿಕಾರಿಗಳ ಇತಿಹಾಸ ಬೇಡ, ಬೀದಿಯ ಜನರ ಮಾತೇ ಇರಲಿ. ವ್ಯಂಗ್ಯಚಿತ್ರಕಾರರು ಗೆರೆ ಎಳೆದುಕೊಟ್ಟರು. ಕಮ್ಮಾರರು ಸರಳು ಬಾಗಿಸಿದರು. ಹೀಗೆ 52 ಕಬ್ಬಿಣದ ಚಿತ್ರಗಳು ಗೋಡೆಗಳನ್ನೇರಿದವು.

ಕ್ಯಾನನ್ ಬೀದಿಯ ಚಿತ್ರ 1867ರ ಗಲಭೆಯಲ್ಲಿ ಹಾರಿದ ತೋಪಿನ ಗುಂಡು ತೋಡಿದ ಕುಳಿಯನ್ನು ನೆನಪಿಸುತ್ತದೆ. ಜಗತ್ಪ್ರಸಿದ್ಧ ಪಾದರಕ್ಷೆಗಳ ಜಿಮ್ಮಿ ಚೂ ಎಲ್ಲಿ ಕೆಲಸ ಕಲಿತನೆಂಬುದನ್ನು ಇನ್ನೊಂದು ಹೇಳುತ್ತದೆ. ಲವ್ ಲೇನ್ ಎಂಬ ಓಣಿಯಲ್ಲಿ ಗೃಹಸ್ಥನೊಬ್ಬ ಕಿಟಕಿಯಿಂದ ಜಾರಿ ಪರಾರಿಯಾಗುತ್ತಿದ್ದಾನೆ! ಅಕ್ಕಪಕ್ಕದ ಬೀದಿಗಳ ಧನಿಕರು ತಮ್ಮ ಗುಟ್ಟಿನ ಸಂಸಾರಗಳನ್ನು ಈ ಓಣಿಯಲ್ಲಿ ಇರಿಸಿದ್ದರೆಂಬುದು ಜನರ ಮಾತು. ಅದು ಎಷ್ಟು ನಿಜವೋ. ಆದರೆ ಒಮ್ಮೆ ನಕ್ಕವರು ಆ ಓಣಿಯ ಹೆಸರನ್ನು ಮರೆಯಲಾರರು. ಮುಂದಿನ ಮೂಲೆಯಲ್ಲಿ ಏನಿದೆಯೋ ಎಂಬ ಕುತೂಹಲವೇ ಅವರನ್ನು ನಡೆಸಿಕೊಂಡು ಹೋಗುತ್ತದೆ.

2012ರ ಜಾರ್ಜ್‌ಟೌನ್ ಉತ್ಸವದ ಕಾಲಕ್ಕೆ ಲಿಥುವೇನಿಯದ ಅರ್ನೆಸ್ಟ್ ಜಕಾರೆವಿಚ್ ಎಂಬ ಯುವ ಕಲಾವಿದ ಕುಂಚ ಹಿಡಿದ. ಆರ್ಮೇನಿಯನ್ ಬೀದಿಯ ಗೋಡೆಗೆ ನಿಜವಾದ ಹಳೆಯ ಸೈಕಲ್ಲೊಂದನ್ನು ಒರಗಿಸಿ ನಿಲ್ಲಿಸಿ, ಅದನ್ನೇರಿದ ಅಕ್ಕ ತಮ್ಮಂದಿರನ್ನು ಬಣ್ಣದಲ್ಲಿ ಬರೆದ. ಆ ಕ್ವೀ ಬೀದಿಯಲ್ಲಿ ಹಾಗೆಯೇ ಒಂದು ಹಳೆಯ ಮೋಟಾರ್ ಸೈಕಲ್, ಅದರ ಮೇಲೆ ಒಬ್ಬ ಹುಡುಗ. ಸೈಕಲ್ಲಿನ ಹಿಂದೆ ತಾವೂ ಕುಳಿತಂತೆ ಫೋಟೋ ತೆಗೆಸಿಕೊಳ್ಳಲು ಜನ ಸಾಲುಗಟ್ಟಿದರು. ನಿರ್ಜನವಾಗಿದ್ದ ಬೀದಿಗಳಲ್ಲಿ ಐಸ್‌ಕ್ರೀಂ ಮಾರುವವರು, ಬಾಡಿಗೆ ಸೈಕಲ್ಲಿನವರು, ಕಾಫಿ ಅಂಗಡಿಯವರು ಕಾಣಿಸಿಕೊಂಡರು.

ಊರು ಎದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯಾರ ಪಾಲಿಗೆ? ಗಿರಾಕಿಗಳು ಬಂದಂತೆ ಬಾಡಿಗೆ ಮತ್ತೆ ಏರಿತು. ಮನೆಗಳು ಹೋಟೆಲುಗಳಾದವು, ಹಳೆಯ ಕಸುಬುದಾರರು ಊರ ಹೊರಗಿನ ಬಹುಮಹಡಿ ಕಟ್ಟಡಗಳಿಗೆ ಸರಿದರು. ಕಬ್ಬಿಣದ ಚಿತ್ರ ಯಾರ ಬದುಕನ್ನು ಹಾಡಿ ಹೊಗಳುತ್ತಿದೆಯೋ ಅವನೇ ಅದರ ಕೆಳಗೆ ಇಲ್ಲ! ಬಣ್ಣದ ಚಿತ್ರಗಳ ಯಶಸ್ಸನ್ನು ಕಂಡು ಹಿಂದೆಮುಂದೆ ನೋಡದೆ ಬರೆದ ಅನುಕರಣೆಗಳೂ ಹಲವು. ಅವು ಆ ಬೀದಿಯ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಯಾವ ಊರಿನ ಗೋಡೆಗಾದರೂ ಸಲ್ಲುತ್ತವೆ.

ಕಟ್ಟಡ ಬಲ್ಲವರಿಗೆ ಇನ್ನೊಂದು ಚಿಂತೆಯಿದೆ. ಈ ಮನೆಗಳದು ಸುಣ್ಣದ ಗಾರೆಯ ಗೋಡೆ. ನೆಲದ ತೇವ ಗೋಡೆಯೊಳಗೆ ಏರಿ, ಸುಣ್ಣದ ಮೂಲಕ ಆರಿಹೋಗಬೇಕು. ಗಾಳಿಯಾಡದ ಈಗಿನ ಬಣ್ಣವನ್ನು ಬಳಿದರೆ ತೇವ ಒಳಗೇ ನಿಂತು, ಉಪ್ಪು ಹೂತು, ಗಾರೆ ಚಕ್ಕೆಚಕ್ಕೆಯಾಗಿ ಬೀಳುತ್ತದೆ, ಅದರೊಡನೆ ಚಿತ್ರವೂ. ಕಬ್ಬಿಣದ ಗೆರೆಗಳಿಗೆ ಆ ಭಯವಿಲ್ಲ. ಅವು ಗೋಡೆಯನ್ನು ಮುಚ್ಚದೆ, ನಾಲ್ಕಾರು ಮೊಳೆಗಳನ್ನು ಹಿಡಿದು ಗೋಡೆಯ ಮುಂದೆ ನಿಂತಿವೆ. ಮಧ್ಯಾಹ್ನದ ಬಿಸಿಲಿಗೆ ಅವುಗಳ ನೆರಳು ಹಳೆಯ ಸುಣ್ಣದ ಮೇಲೆ ಬೀಳುತ್ತದೆ.