ಗರಗಸವೂ ಹಾಡಿದ ಆಲ್ಬಮ್

ರಾಕ್ ಸಂಗೀತವೆಂದೊಡನೆ ಕಿವಿಗಡಚಿಕ್ಕುವ ಗದ್ದಲ, ಕಣ್ಣು ಕೋರೈಸುವ ದೀಪಗಳು, ಹಣದ ಹೊಳೆ ಇವೇ ನಮ್ಮ ಮನಸ್ಸಿಗೆ ಬರುವುದು ಸಹಜ. ಆದರೆ ಈ ಸಂಗೀತಕ್ಕೆ ಮತ್ತೊಂದು ಕವಲೂ ಉಂಟು. ದೊಡ್ಡ ಧ್ವನಿಮುದ್ರಣ ಸಂಸ್ಥೆಗಳ ಹಂಗಿಗೆ ಬೀಳದೆ, ಅಲ್ಪ ಬಂಡವಾಳದಿಂದ ಬೆಳೆದ ಅದಕ್ಕೆ ‘ಇಂಡಿ ರಾಕ್’ ಎಂದು ಹೆಸರು. ಸ್ವತಂತ್ರವೆಂಬರ್ಥದ ಇಂಗ್ಲಿಷ್ ಪದದ ಮೊಟಕು ರೂಪವದು. ಅಮೆರಿಕದ ‘ನ್ಯೂಟ್ರಲ್ ಮಿಲ್ಕ್ ಹೋಟೆಲ್’ ಎಂಬ ವಿಚಿತ್ರ ಹೆಸರಿನ ತಂಡವು 1998ರ ಫೆಬ್ರವರಿಯಲ್ಲಿ ಹೊರತಂದ ‘ಇನ್ ದಿ ಏರೋಪ್ಲೇನ್ ಓವರ್ ದಿ ಸೀ’ ಎಂಬ ಆಲ್ಬಮ್ಮಿನ ಕಥೆ ಈ ಕವಲಿನ ಚರಿತ್ರೆಯಲ್ಲಿಯೇ ಕುತೂಹಲಕರವಾದುದು.

ತಂಡದ ನಾಯಕ ಜೆಫ್ ಮ್ಯಾಂಗಮ್ ಲೂಯಿಸಿಯಾನದ ರಸ್ಟನ್ ಎಂಬ ಸಣ್ಣ ಊರಿನಲ್ಲಿ ಬೆಳೆದವನು. ಬಾಲ್ಯದ ಗೆಳೆಯರೊಡನೆ ಮನೆಯಲ್ಲಿಯೇ ಹಾಡುಗಳನ್ನು ಕ್ಯಾಸೆಟ್ಟಿಗಿಳಿಸಿ ಪರಸ್ಪರ ಕೊಟ್ಟುಕೊಳ್ಳುವುದು ಅವರ ಆಟವಾಗಿತ್ತು. ಆ ಗೆಳೆಯರಲ್ಲೊಬ್ಬನಾದ ರಾಬರ್ಟ್ ಶ್ನೈಡರನೇ 1997ರಲ್ಲಿ ಡೆನ್ವರ್ ನಗರದಲ್ಲಿ ಈ ಆಲ್ಬಮ್ಮನ್ನು ಮುದ್ರಿಸಿದನು. ಮುಂದೆ ಈತ ಗಣಿತದಲ್ಲಿ ಡಾಕ್ಟರೇಟ್ ಪಡೆದು ಸಂಶೋಧಕನಾದುದು ಬೇರೆಯೇ ಕಥೆ!

ಹಾಡುಗಳ ಹಿಂದಿದ್ದ ಪ್ರೇರಣೆಯಾದರೂ ಏನು? ಒಂದು ಪುಸ್ತಕ. ಹಿಟ್ಲರನ ಪಡೆಗಳ ಭಯದಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಡಗಿದ್ದು, 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಮಡಿದ ಆನ್ ಫ್ರಾಂಕ್ ಎಂಬ ಯೆಹೂದಿ ಬಾಲಕಿಯ ದಿನಚರಿ. ಅದನ್ನೋದಿದ ಮ್ಯಾಂಗಮ್ ಬಹುವಾಗಿ ನೊಂದನು. ತಾನು ಹುಟ್ಟುವ ಮೊದಲೇ ಸತ್ತ ಹುಡುಗಿಯನ್ನು ಕಾಲದ ಹಿಂದಕ್ಕೆ ಹೋಗಿ ಉಳಿಸಬಾರದೇ ಎಂಬ ಅಸಾಧ್ಯವಾದ ಹಂಬಲವೇ ಅವನ ಹಾಡುಗಳಲ್ಲಿ ಮಿಡಿಯುತ್ತದೆ.

ಸುಮಾರು 40 ನಿಮಿಷಗಳ ಈ 11 ರಚನೆಗಳಲ್ಲಿ ಗಿಟಾರಿನ ಜೊತೆಗೆ ತುತ್ತೂರಿ, ಆರ್ಗನ್, ಬ್ಯಾಂಜೋಗಳೂ ಸೇರಿವೆ. ಎಲ್ಲಕ್ಕಿಂತ ಸೋಜಿಗದ ವಾದ್ಯ ಬಡಗಿಯ ಗರಗಸ! ಅದರ ಅಲಗನ್ನು ಬಾಗಿಸಿ, ಹಲ್ಲಿಲ್ಲದ ಅಂಚಿನ ಮೇಲೆ ಪಿಟೀಲಿನ ಕಮಾನನ್ನು ಎಳೆದರೆ ಹೆಣ್ಣುದನಿಯ ಆಲಾಪದಂಥ ನಾದ ಹೊಮ್ಮುತ್ತದೆ. ಬಾಗು ಬದಲಾದಂತೆ ಸ್ವರವೂ ಬದಲಾಗುತ್ತದೆ.

ವಿಮರ್ಶಕರು ಏನೆಂದರು? ಮೆಚ್ಚಿದವರಿದ್ದರೂ ಕೋಲಾಹಲವೇನೂ ಆಗಲಿಲ್ಲ. ‘ರೋಲಿಂಗ್ ಸ್ಟೋನ್’ ಪತ್ರಿಕೆ ಐದರಲ್ಲಿ ಮೂರು ನಕ್ಷತ್ರಗಳನ್ನು ಕೊಟ್ಟು ಸುಮ್ಮನಾಯಿತು. ‘ಪಿಚ್‌ಫೋರ್ಕ್’ ಹತ್ತಕ್ಕೆ 8.7 ಅಂಕಗಳನ್ನಿತ್ತಿತು. ಆ ವರ್ಷದ ಸಂಚಾರ ಮುಗಿದ ಮೇಲೆ ಮ್ಯಾಂಗಮ್ ಹೊಸ ಆಲ್ಬಮ್ಮಿನ ಮಾತೆತ್ತದೆ ಜನರ ಕಣ್ಣಿನಿಂದ ಹಿಂದೆ ಸರಿದನು.

ಹಾಡುಗಾರ ಮೌನ ತಾಳಿದ. ಹಾಡು ಮಾತ್ರ ಒಬ್ಬರಿಂದೊಬ್ಬರಿಗೆ ದಾಟುತ್ತಲೇ ಇತ್ತು. 2003ರಲ್ಲಿ ‘ಮ್ಯಾಗ್ನೆಟ್’ ಪತ್ರಿಕೆ ಹಿಂದಿನ ಹತ್ತು ವರ್ಷಗಳ ಶ್ರೇಷ್ಠ ಆಲ್ಬಮ್ ಇದೇ ಎಂದಿತು. 2005ರಲ್ಲಿ ಮರುಮುದ್ರಣವಾದಾಗ ಅದೇ ‘ಪಿಚ್‌ಫೋರ್ಕ್’ ಪೂರ್ತಿ 10 ಅಂಕಗಳನ್ನು ನೀಡಿತು! ಏಳು ವರ್ಷಗಳಲ್ಲಿ ಹಾಡಿನ ಒಂದು ಸ್ವರವೂ ಬದಲಾಗಿರಲಿಲ್ಲ. ಬದಲಾದುದು ಕೇಳುವವರ ಕಿವಿ.

ಮ್ಯಾಂಗಮನ ಕಂಠ ಒರಟು, ಪದಗಳ ಅರ್ಥ ಅಸ್ಪಷ್ಟ ಎಂಬ ಆಕ್ಷೇಪ ಸುಳ್ಳಲ್ಲ. ಕಣ್ಮರೆಯಾದ ಕಲಾವಿದನ ಸುತ್ತ ಬೆಳೆದ ದಂತಕಥೆಯೂ ಕೀರ್ತಿಗೆ ನೆರವಾಗಿರಬಹುದು. ಆದರೆ ದಂತಕಥೆಯ ಬಲದಿಂದಲೇ ಒಂದು ಹಾಡು ಇಷ್ಟು ಕಾಲ ಬಾಳೀತೇ? 2013ರಿಂದ 2015ರವರೆಗೆ ತಂಡವು ಮತ್ತೆ ಸಂಚಾರ ಹೊರಟಾಗ, ಆಲ್ಬಮ್ ಹೊರಬಂದ ಕಾಲಕ್ಕೆ ಇನ್ನೂ ಮಕ್ಕಳಾಗಿದ್ದವರೂ ಕೇಳಲು ಬಂದು ಸೇರಿದರು.

ಕವಿಯೊಬ್ಬನಿದ್ದರೆ ಸಾಲದು, ಸಹೃದಯನೂ ಇರಬೇಕೆಂದು ನಮ್ಮ ಲಾಕ್ಷಣಿಕರು ಹೇಳಿದ್ದಾರೆ. ಅವನು ತಡವಾಗಿಯೂ ಬರಬಹುದು. ಅಲ್ಲಿಯವರೆಗೆ ಕೃತಿಯನ್ನು ಕಾಪಾಡಿಕೊಳ್ಳುವವರು ಅಂಕ ಕೊಡುವವರಲ್ಲ. ಕೇಳಿ, ಮನಸೋತು, ಪಕ್ಕದವರ ಕೈಗೆ ದಾಟಿಸುವ ಸಾಮಾನ್ಯ ಜನರು.